ಸತ್ಯಾಂಶ: ಮೂರು ವರ್ಷದೊಳಗೆ ಅಕ್ಷರ ಬರೆಸುವ ನರ್ಸರಿಯೇ ಬೇಕಾ?

‘ಮೂರು ವರ್ಷಕ್ಕೆ ಮಗುವಿನ ಮೆದುಳು ಪೂರ್ತಿ ಬೆಳೆದುಬಿಡುತ್ತದೆ. ಅಷ್ಟರೊಳಗೆ ಅಕ್ಷರ ಬರೆಸುವ ನರ್ಸರಿಗೇ ಸೇರಿಸಿ.’ ಈ ಮೆಸೇಜ್ ನಿಮಗೂ ಬಂದಿರಬಹುದು.

ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಜನ ನಂಬುತ್ತಾರೆ. ಮೂರು ವರ್ಷದ ಹೊತ್ತಿಗೆ ಮೆದುಳಿನ ಗಾತ್ರ ದೊಡ್ಡವರದರ ಸುಮಾರು ಶೇ. 80ರಷ್ಟು ಆಗಿರುತ್ತದೆ. ಆದರೆ ಗಾತ್ರ ಬೇರೆ, ಕಲಿಯುವ ಶಕ್ತಿ ಬೇರೆ. ಯೋಚಿಸಿ ತೀರ್ಮಾನ ಮಾಡುವ, ಸಿಟ್ಟು ತಡೆದುಕೊಳ್ಳುವ ಮೆದುಳಿನ ಮುಂಭಾಗ ಮಾಗುವುದು 25ರ ಆಸುಪಾಸಿನಲ್ಲಿ.

ಇನ್ನು ಬರವಣಿಗೆ. ಎರಡು ವರ್ಷದ ಮಗುವಿನ ಮಣಿಕಟ್ಟಿನ 8 ಮೂಳೆಗಳಲ್ಲಿ ಹೆಚ್ಚಿನವು ಇನ್ನೂ ಗಟ್ಟಿಯಾಗಿರುವುದಿಲ್ಲ. ಪೆನ್ಸಿಲ್ ಸರಿಯಾಗಿ ಹಿಡಿಯುವುದು ಸಾಮಾನ್ಯವಾಗಿ 4ರಿಂದ 6 ವರ್ಷದೊಳಗೆ ಬರುತ್ತದೆ. ಅದಕ್ಕಿಂತ ಮೊದಲು ಬೇಕಾದದ್ದು ಹಿಟ್ಟು ನಾದುವುದು, ಮಣ್ಣಾಟ, ಗೀಚಾಟ. ನೋಡುವವರಿಗೆ ಸುಮ್ನೆ ಆಟ ಅನ್ನಿಸುತ್ತದೆ, ಅಲ್ವಾ? ಬೆರಳಿಗೆ ಬಲ ಬರುವುದೇ ಅದರಿಂದ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದಂತೆ, 1–2 ವರ್ಷದ ಮಕ್ಕಳಿಗೆ ದಿನಕ್ಕೆ ಕನಿಷ್ಠ 180 ನಿಮಿಷ ಓಡಾಟ, 11ರಿಂದ 14 ಗಂಟೆ ನಿದ್ದೆ ಬೇಕು. ಮಧ್ಯಾಹ್ನದ ನಿದ್ದೆಗೆ ಜಾಗವೇ ಇಲ್ಲದ ನರ್ಸರಿ ಗೋಡೆ ತುಂಬ ಅಕ್ಷರ ಅಂಟಿಸಿದ್ದರೆ ಏನು ಬಂತು?

ನರ್ಸರಿ ನೋಡಲು ಹೋದಾಗ ಮಕ್ಕಳು ಎದ್ದಿರುವ ಹೊತ್ತಿಗೇ ಹೋಗಿ. ಒಬ್ಬರ ಕೈಗೆ ಎಷ್ಟು ಮಕ್ಕಳು, ನೋಡಿಕೊಳ್ಳುವವರು ಪದೇಪದೇ ಬದಲಾಗುತ್ತಾರಾ, ಅಳುವ ಮಗುವನ್ನು ಎತ್ತಿಕೊಳ್ಳುತ್ತಾರಾ ಅಥವಾ ಗದರುತ್ತಾರಾ ಎಂದು ಗಮನಿಸಿ. ಪಠ್ಯಕ್ರಮದ ಪುಸ್ತಕ ಆಮೇಲೆ ನೋಡಿದರಾಯಿತು.