ಸಾಲ ಮಂಜೂರಾಯಿತು, ಸಾಮಾನು ಆಗಲಿಲ್ಲ

ಬ್ಯಾಂಕಿನವರು ನಮಗೆ 30 ಲಕ್ಷ ಸಾಲ ಮಂಜೂರು ಮಾಡಿದರು. ಮನೆಯ ಬೆಲೆ 38 ಲಕ್ಷ. ಕಲಬುರಗಿಯ ಸೇಡಂ ರಸ್ತೆಯ ಕಡೆ, ರಿಂಗ್ ರೋಡ್ ದಾಟಿ ಒಳಗೆ ಹೋದರೆ ಸಿಗುವ ಹೊಸ ಬಡಾವಣೆ. ಬಡ್ಡಿ ಶೇ 8.5 ಅಂದಿದ್ದರು. ಅರ್ಜಿಯಲ್ಲಿ ಮೊದಲ ಹೆಸರು ನನ್ನದು, ಹೆಂಗಸರಿಗೆ 0.05 ರಿಯಾಯಿತಿ ಇದೆ ಅಂತ ಅದು 8.45 ಆಯಿತು. 20 ವರ್ಷದ ಸಾಲಕ್ಕೆ ತಿಂಗಳ ಕಂತು 26,035 ಆಗಬೇಕಿದ್ದದ್ದು 25,940ಕ್ಕೆ ಇಳಿಯಿತು. ಅಂದರೆ ನಾನು ಹೆಂಗಸಾಗಿ ಹುಟ್ಟಿದ್ದರಿಂದ ಮನೆಗೆ ತಿಂಗಳಿಗೆ 95 ರೂಪಾಯಿ ಉಳಿತಾಯ. ಆ 95 ರೂಪಾಯಿ ಗತ್ತಿನಲ್ಲಿ ನಾನು ಒಂದು ವಾರ ಓಡಾಡಿದೆ. ನಮ್ಮ ಮನೆಯವರಿಂದ ಚಹಾ ಕೂಡ ಮಾಡಿಸಿಕೊಂಡೆ.

ಆಮೇಲೆ ನೋಂದಣಿಯ ಲೆಕ್ಕ ಬಂತು. ನೋಂದಣಿ ಶುಲ್ಕ 2025ರ ಆಗಸ್ಟ್ ಕೊನೆಯಲ್ಲಿ ಶೇ 1ರಿಂದ ಶೇ 2ಕ್ಕೆ ಏರಿತ್ತು. ನಮ್ಮ ಮನೆಗೆ ಆ ಹೆಚ್ಚಿನ ಒಂದು ಶೇಕಡಾ ಅಂದರೆ 38 ಸಾವಿರ. ಮನೆಯವರು ಮೊಬೈಲಿನಲ್ಲಿ ಗುಣಿಸಿ ಭಾಗಿಸಿ ಹೇಳಿದರು: "ನಿನ್ನ ತೊಂಬತ್ತೈದು ರೂಪಾಯಿಲೆ ಇದನ್ನ ತುಂಬಬೇಕಂದ್ರ ನಾನೂರು ತಿಂಗಳು ಬೇಕು ನೋಡು. ಸಾಲನ ಇರೋದು ಇನ್ನೂರಾ ನಲವತ್ತು ತಿಂಗಳು." ಚಹಾ ಅಂದಿಗೇ ನಿಂತಿತು.

ಮೊದಲ ಕಂತಿನಲ್ಲಿ 21,125 ರೂಪಾಯಿ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಸೇರುವುದು 4,815. "ಅಂದ್ರ ಮೊದಲನೇ ತಿಂಗಳು ನಮ್ಮ ಪಾಲಿಗಿ ಬರೋದು ಬಚ್ಚಲ ಬಾಗಿಲು ಒಂದ" ಅಂದರು. ಇರಲಿ, ಬಚ್ಚಲಿಗೆ ಬಾಗಿಲು ಬೇಕೇ ಬೇಕಲ್ವಾ.

ಕಾಗದಪತ್ರದ ಕಥೆಯನ್ನು ಜಾಸ್ತಿ ಹೇಳುವುದಿಲ್ಲ. ಒಂದನ್ನು ಮಾತ್ರ ಹೇಳಲೇಬೇಕು. ಬ್ಯಾಂಕಿನ ವಕೀಲರು 30 ವರ್ಷದ ಇಸಿ (ಆಸ್ತಿ ಯಾರ್ಯಾರ ಕೈ ದಾಟಿತು, ಅದರ ಮೇಲೆ ಸಾಲ ಇದೆಯಾ ಅಂತ ತೋರಿಸುವ ಋಣಭಾರ ಪತ್ರ), ಹಿಂದಿನ ಖರೀದಿ ಪತ್ರಗಳು ಎಲ್ಲಾ ಕೇಳಿದ್ದರು. ಮಾರಿದವರು ಕೊಟ್ಟ ಗಂಟಿನಲ್ಲಿ ಉರ್ದುವಿನ ಒಂದು ಹಳೇ ಹಾಳೆ ಇತ್ತು. 1948ರ ಸೆಪ್ಟೆಂಬರ್ 17ರವರೆಗೆ ಇದು ನಿಜಾಮರ ಸೀಮೆ, ಹೀಗಾಗಿ ನಮ್ಮ ಕಡೆ ಹಳೇ ದಾಖಲೆ ಉರ್ದುವಿನಲ್ಲಿರುವುದು ಹೊಸದೇನಲ್ಲ. ಇದೇ ಮೂಲಪತ್ರ ಇರಬೇಕೆಂದು ಎಲ್ಲರೂ ಅದಕ್ಕೆ ಭಾರೀ ಮರ್ಯಾದೆ ಕೊಟ್ಟರು. ಪ್ಲಾಸ್ಟಿಕ್ ಕವರ್‌ನಲ್ಲಿ ಹಾಕಿದರು, ಝೆರಾಕ್ಸ್ ತೆಗೆಸಿದರು. ನಮ್ಮ ಓಣಿಯ ನಿವೃತ್ತ ಮಾಸ್ತರ್ ಚಾಚಾ ಕನ್ನಡಕ ಹಾಕಿಕೊಂಡು ಓದಿ, ಬಹಳ ಹೊತ್ತು ಸುಮ್ಮನೆ ಕುಳಿತರು. ಕೊನೆಗೆ, "ಬೇಟಾ, ಇದು ಜೋಡೆತ್ತು ಮಾರಿದ ರಸೀದಿ ಅದಾ" ಅಂದರು. ವಕೀಲರಿಗೆ ಹೇಳಿದೆವು. ಫೈಲಿಗೆ ಸೇರಿದ್ದನ್ನು ತೆಗೆಯುವ ಪದ್ಧತಿ ಇಲ್ಲವಂತೆ. ಎತ್ತುಗಳು ಈಗಲೂ ಬ್ಯಾಂಕಿನ ಲಾಕರ್‌ನಲ್ಲಿವೆ.

ನಮ್ಮ ಅತ್ತೆಯವರದೂ ಅದೇ ಪದ್ಧತಿ. ಮನೆಗೆ ಸೇರಿದ್ದನ್ನು ತೆಗೆಯುವಂತಿಲ್ಲ.

ಗೃಹಪ್ರವೇಶಕ್ಕೆ ಅಯ್ಯನೋರು ಪಂಚಾಂಗ ನೋಡಿದರು. 2026ರಲ್ಲಿ ಮೇ 17ಕ್ಕೆ ಅಧಿಕ ಜ್ಯೇಷ್ಠ ಶುರು. ಒಂದು ತಿಂಗಳು ಶುಭಕಾರ್ಯ ಇಲ್ಲ. ಅದು ಮುಗಿದು ಇನ್ನೊಂದು ತಿಂಗಳಾಗುವಷ್ಟರಲ್ಲಿ ಆಷಾಢ. ಹಾಗಾಗಿ ಏನಿದ್ದರೂ ಮೇ ಮೊದಲ ಹದಿನೈದು ದಿನದಲ್ಲೇ ಆಗಬೇಕು. ಮೇ ತಿಂಗಳ ಕಲಬುರಗಿ! ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಸರ್ಕಾರಿ ಕಚೇರಿ ನಡೆಸುವುದೇ ಈ ಬಿಸಿಲಿಗೆ ಹೆದರಿ. ಮಧ್ಯಾಹ್ನ ನೌಕರರು ಮನೆಯಲ್ಲಿ ತಣ್ಣಗೆ ಮಲಗಲಿ ಅಂತ ಸರ್ಕಾರ ಮಾಡಿದ ಉಪಕಾರ ಅದು. ಸರ್ಕಾರಿ ನೌಕರಳಾದ ನಾನು ಆ ಉಪಕಾರದಲ್ಲಿ ಸಜ್ಜಾದ ಮೇಲೆ ಹತ್ತಿ ಕುಳಿತು ಪಾತ್ರೆ ಇಳಿಸುತ್ತಿದ್ದೆ.

ಶಹಾಬಜಾರಿನ ಆ ಬಾಡಿಗೆ ಮನೆಯ ಸಜ್ಜಾದ ಮೇಲೆ ಏನೇನಿತ್ತು ಅಂತ ನನಗೂ ಅವತ್ತೇ ಗೊತ್ತಾದದ್ದು. ತಾಮ್ರದ ಹಂಡೆ, ಹಿತ್ತಾಳೆ ಬೋಗುಣಿ, ನೂರು ಮಂದಿಗೆ ಸಾಲುವಷ್ಟು ಗಂಗಾಳ, ಚರಿಗೆಗಳ ಒಂದು ದಂಡು. ಒಂದೊಂದರ ಅಂಚಿನಲ್ಲೂ ಕೊಟ್ಟವರ ಹೆಸರು, ಊರು, ತಾರೀಖು ಕೊರೆದಿದೆ. ಬ್ಯಾಂಕಿನ ವಕೀಲರಿಗೆ ನಮ್ಮ ಮನೆಯ 30 ವರ್ಷದ ಹಿಂದಿನ ಮಾಲೀಕ ಯಾರು ಅಂತ ಪತ್ತೆ ಮಾಡಲು ತಿಂಗಳು ಹಿಡಿಯಿತು. ಅತ್ತೆಯವರು ಚರಿಗೆಯನ್ನು ಒಂದು ಸಲ ತಿರುಗಿಸಿದರೆ ಸಾಕು, ಐವತ್ತು ವರ್ಷದ ಇಸಿ ಅಲ್ಲೇ ಸಿಗುತ್ತದೆ.

"ಅತ್ತಿ, ಇದು ಸೋರ್ತದ. ಮೋಡಕಾಗೆ ಹಾಕೋಣೇನ್ರಿ?" ಅಂದೆ.

"ಹುಚ್ಚಿ, ಅದು ಆಳಂದದ ನಮ್ಮ ಗಂಗಕ್ಕ ಕೊಟ್ಟಿದ್ದು. ನಾಳಿಗಿ ಅಕಿ ಬಂದು ಕೇಳಿದ್ರ ಏನು ಹೇಳ್ಲಿ?"

"ಅವರು ತೀರಿಕೊಂಡು ಎಷ್ಟೋ ವರ್ಷ ಆತಲ್ರಿ."

"ಅಕಿ ಸೊಸಿ ಅದಾಳಲ್ಲ."

ಒಂದು ಗಂಗಾಳವೂ ಬಿಡುಗಡೆಯಾಗಲಿಲ್ಲ. ಇದರ ಜೊತೆಗೆ ವರ್ಷಕ್ಕಾಗುವಷ್ಟು ಜೋಳದ ಚೀಲ. ಬೇವಿನ ಎಲೆ ಹಾಕಿಟ್ಟ ತೊಗರಿ ಬೇಳೆಯ ಡ್ರಮ್ಮು. ನಮ್ಮ ತೊಗರಿಗೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಾಗಿನಿಂದ ಆ ಡ್ರಮ್ಮಿಗೆ ಬೇರೆಯೇ ಗೌರವ, ಅದನ್ನು ಒದೆಯುತ್ತಾ ಉರುಳಿಸಬಾರದು. ನಲ್ಲಿ ನೀರು ಯಾವಾಗ ಬರುತ್ತದೋ ಅಂತ ತುಂಬಿಡುವ ನೀಲಿ ಡ್ರಮ್ಮುಗಳು ಬೇರೆ. ಹೊಸ ಮನೆಯಲ್ಲಿ ಬೋರ್‌ವೆಲ್ ಇದೆ ಅಂದರೂ ಅತ್ತೆಯವರು ಕೇಳಲಿಲ್ಲ. ಅವರ ಅನುಭವ ದೊಡ್ಡದು, ಈ ವಿಷಯದಲ್ಲಿ ನಾನೂ ಅವರ ಕಡೆಯೇ.

ಪ್ಯಾಕಿಂಗ್ ಡಬ್ಬಗಳ ಮೇಲೆ ಬರೆಯುವ ಕೆಲಸ ಮಗನದು. ಎಂಟನೇ ಇಯತ್ತೆ ಮುಗಿಸಿದ್ದಾನೆ, ಅಕ್ಷರ ದುಂಡಗಿದೆ. ಮೊದಲ ಎರಡು ಡಬ್ಬಕ್ಕೆ "ಪುಸ್ತಕ", "ದೇವರ ಸಾಮಾನು" ಅಂತ ಚೆಂದವಾಗಿ ಬರೆದ. ಆಮೇಲೆ ಬಿಸಿಲಿಗೋ ಬೇಸರಕ್ಕೋ, "ಇತರೆ-1", "ಇತರೆ-2" ಅಂತ ಶುರು ಮಾಡಿದ. ಸರ್ಕಾರಿ ನೌಕರಳ ಮಗ. ಅದು "ಇತರೆ-19"ರವರೆಗೆ ಹೋಯಿತು.

ಗೂಡ್ಸ್ ಗಾಡಿಯವನು ಬಂದು ಬಾಗಿಲಲ್ಲೇ ನಿಂತ. "ಅಕ್ಕಾರ, ಫೋನ್‌ದಾಗ ಏನಂದ್ರಿ? ಗಂಡ ಹೆಂಡ್ತಿ, ಒಂದು ಹುಡುಗ, ಒಬ್ಬಾಕಿ ಅಜ್ಜಿ, ಸಣ್ಣ ಸಂಸಾರ ಅಂದ್ರಿ. ಇದು ನೋಡಿದ್ರ ಕಲ್ಯಾಣ ಮಂಟಪ ಖಾಲಿ ಮಾಡ್ಲಾಕತ್ತಿರಿ!" ಅಂದ. ಬಾಡಿಗೆ ಅಲ್ಲೇ ಏರಿತು. ಎರಡು ಖೇಪು ಅಂದಿದ್ದು ನಾಲ್ಕಾಯಿತು.

ಕಬ್ಬಿಣದ ದೊಡ್ಡ ಕೂಲರ್ ಎತ್ತುವ ಮುಂಚೆ, "ನೀರು ಬಿಟ್ಟೀರೇನ್ರಿ?" ಅಂತ ಹಮಾಲಿ ಕೇಳಿದ. ಮನೆಯವರು ಮಗನನ್ನು ನೋಡಿದರು. ಮಗ ಅಪ್ಪನನ್ನು ನೋಡಿದ. ಈ ನೋಟವನ್ನೇ ಹಮಾಲಿ ಹೌದು ಅಂತ ತಿಳಿದುಕೊಂಡ. ಗಾಡಿ ರಸ್ತೆಯ ಉಬ್ಬು ಹತ್ತಿದ ಕೂಡಲೇ ಕೂಲರ್ ವಾಲಿ, ಅದರ ಹೊಟ್ಟೆಯಲ್ಲಿದ್ದ ನೀರೆಲ್ಲಾ ಗಾದಿಗಳ ಮೇಲೆ ಸುರಿಯಿತು. ನಾನು ಹಿಂದೆ ಸ್ಕೂಟಿಯಲ್ಲಿ ಬರುತ್ತಾ ಹಣೆ ಹಣೆ ಬಡಿದುಕೊಂಡೆ. ಆದರೆ ಮೇಲೆ ಹಾಕಿದ್ದ ಗಾದಿ ಹೊಸ ಮನೆ ಮುಟ್ಟುವಷ್ಟರಲ್ಲಿ ಅರ್ಧ ಒಣಗಿತ್ತು. ಕಲಬುರಗಿ ಬಿಸಿಲನ್ನು ಯಾರೂ ಹೊಗಳುವುದಿಲ್ಲ, ನಾನು ಅವತ್ತು ಹೊಗಳಿದೆ.

ಗಾಡಿ ಸಿಕ್ಕಿದ್ದು ಗೃಹಪ್ರವೇಶದ ಹಿಂದಿನ ದಿನ. ಅಲ್ಲೇ ತಿಕ್ಕಾಟ ಶುರುವಾಯಿತು. ಹಾಲು ಉಕ್ಕುವ ಮುಂಚೆ ಒಂದು ಚಮಚವೂ ಹೊಸ್ತಿಲು ದಾಟಬಾರದು ಅಂತ ಅತ್ತೆಯವರ ಕಟ್ಟಪ್ಪಣೆ. ಹೀಗಾಗಿ ಇಡೀ ಸಂಸಾರ ಅಂಗಳದಲ್ಲಿ ರಾಶಿ ಬಿತ್ತು. ಕಪಾಟು, ಮಂಚ, ಚೀಲ, ಡ್ರಮ್ಮು, ಇತರೆ-1ರಿಂದ 19. ಸಂಜೆ ವಾಕಿಂಗ್ ಹೊರಟ ಬಡಾವಣೆಯವರೆಲ್ಲಾ ಗೇಟಿನ ಹತ್ತಿರ ನಿಧಾನ ಮಾಡಿ, ನಮ್ಮ ಆಸ್ತಿಯ ಮೌಲ್ಯಮಾಪನ ಮಾಡಿಯೇ ಮುಂದೆ ಹೋದರು. ಬ್ಯಾಂಕಿನವರು ಕಳಿಸಿದ್ದ ಇಂಜಿನಿಯರ್ ಕೂಡ ಇಷ್ಟು ಹೊತ್ತು ನೋಡಿರಲಿಲ್ಲ. ಒಬ್ಬರು, "ಸ್ಟೀಲ್ ಅಂಗಡಿ ಇಡ್ತೀರೇನ್ರಿ?" ಅಂತ ಪ್ರೀತಿಯಿಂದಲೇ ಕೇಳಿದರು. ಮನೆಯವರು ಅರ್ಧ ಒಣಗಿದ ಗಾದಿ ಹಾಸಿಕೊಂಡು ಸಾಮಾನು ಕಾಯುತ್ತಾ ಅಲ್ಲೇ ಮಲಗಿದರು. ಈ ಬಿಸಿಲುಗಾಲದಲ್ಲಿ ಅಷ್ಟು ತಂಪಾದ ನಿದ್ದೆ ಆಗಿರಲಿಲ್ಲವಂತೆ.

ಬೆಳಿಗ್ಗೆ ಮುಹೂರ್ತ. ಒಲೆ ಹೊಸದು, ಒಳಗೇ ಜೋಡಿಸಿದ್ದರು, ಸಿಲಿಂಡರ್‌ಗೆ ಅತ್ತೆಯವರು ವಿನಾಯಿತಿ ಕೊಟ್ಟಿದ್ದರು. ಅರ್ಧ ಲೀಟರ್ ಹಾಲು ತಯಾರಿತ್ತು. ಹಾಲು ಉಕ್ಕಿಸಲು ಅಂತ ಕೊಂಡ ಪುಟ್ಟ ಬೆಳ್ಳಿ ಬಟ್ಟಲು ಯಾವುದೋ ಇತರೆಯಲ್ಲಿತ್ತು. ರಾಶಿಯ ಮೇಲೆ ಕೈಗೆ ಸಿಕ್ಕಿದ್ದು ಮದುವೆ ಸಾರು ಮಾಡುವ ಹಿತ್ತಾಳೆ ಬೋಗುಣಿ ಒಂದೇ. ಅದರಲ್ಲೇ ಹಾಲು ಹಾಕಿದೆವು. ತಳಕ್ಕೆ ಒಂದು ಬೆರಳೂ ಬರಲಿಲ್ಲ. ಹಾಲು ಕಾಯಿತು, ಕುದಿಯಿತು, ಕೆನೆ ಕಟ್ಟಿತು. ಅದು ಆ ಅಂಚಿಗೆ ಬಂದು ಉಕ್ಕಬೇಕಾದರೆ ಡೇರಿಯೇ ಬೇಕು. ಅಯ್ಯನೋರು ಮಂತ್ರ ಮುಗಿಸಿ, ಮತ್ತೆ ಮೊದಲಿಂದ ಶುರು ಮಾಡಿ, ಗಡಿಯಾರ ನೋಡಿದರು. "ತಂಗಿ, ಖೋವಾ ಆಗ್ಲಾಕತ್ತದ" ಅಂದರು.

ಕೊನೆಗೆ ಮಗ ಪಕ್ಕದ ಮನೆಗೆ ಓಡಿದ. ಅಂಗಳದ ತುಂಬಾ ಪಾತ್ರೆ ಹರವಿಕೊಂಡ ಮನೆಯವರು ಒಂದು ಪಾತ್ರೆ ಕಡ ಕೇಳಲು ಬಂದದ್ದು ನೋಡಿ ಆ ಅಕ್ಕ ನಗು ತಡೆದುಕೊಳ್ಳಲಿಲ್ಲವಂತೆ. ಆದರೂ ಸಣ್ಣ ಪಾತ್ರೆಯ ಜೊತೆ ಒಂದಿಷ್ಟು ಹಾಲನ್ನೂ ಕೊಟ್ಟು ಕಳಿಸಿದ್ದರು. ಇಟ್ಟ ಎರಡೇ ನಿಮಿಷಕ್ಕೆ ಹಾಲು ಬುಸ್ಸನೆ ಉಕ್ಕಿ, ಒಲೆಯೆಲ್ಲಾ ತುಂಬಿ, ಹೊಸ ಬರ್ನರ್ ಆರಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಅತ್ತೆಯವರು ಮಾತ್ರ ಆ ಪಾತ್ರೆಯನ್ನು ತೊಳೆದು, ಬೆಳಕಿಗೆ ಹಿಡಿದು, ತಿರುಗಿಸಿ ಓದಿದರು. "ಏ, ಇವರು ನಮ್ಮ ಆಳಂದದ ಕಡೆಯವರ ಅದಾರ!" ಅಂದರು. ಅಲ್ಲಿಗೆ ಸಂಬಂಧ ಕುದುರಿತು. ಪಾತ್ರೆಯನ್ನು ಬರಿದು ಮರಳಿಸಬಾರದು, ಸಕ್ಕರೆ ತುಂಬಿ ಕೊಡಬೇಕಂತೆ. ಸಕ್ಕರೆ ಇತರೆ-4ರಲ್ಲಿದೆ ಅಂತ ಮಗ ಹೇಳುತ್ತಾನೆ. ಇತರೆ-4 ತೆಗೆದರೆ ಬರೀ ಚರಿಗೆಗಳು.