ಕೂಸಿಗೆ ಉಣಿಸಲು ಬಿಡುವು ಯಾರಿಗಿದೆ?

ಬೆಂಗಳೂರಿನ ನಮ್ಮ ಬೀದಿಯಲ್ಲಿ ಮೂರು ಅಂತಸ್ತಿನ ಮನೆಯೊಂದು ಏಳುತ್ತಿದೆ. ಗಾರೆ ಕೆಲಸಕ್ಕೆಂದು ಯಾದಗಿರಿ ಕಡೆಯಿಂದ ಗುಳೆ ಬಂದ ಕುಟುಂಬ ಪಕ್ಕದ ಖಾಲಿ ಸೈಟಿನ ತಗಡಿನ ಶೆಡ್ಡಿನಲ್ಲಿದೆ. ಅವರ ಕೂಸಿಗೆ ಒಂದು ವರ್ಷ ಎರಡು ತಿಂಗಳು. ಹಗಲೆಲ್ಲ ಅದನ್ನು ಎತ್ತಿಕೊಂಡು ತಿರುಗುವವಳು ಏಳು ವರ್ಷದ ಅಕ್ಕ. ಕೂಸು ಅತ್ತಾಗ ಚಹಾದಲ್ಲಿ ಅದ್ದಿದ ಬಿಸ್ಕತ್ತನ್ನು ಬಾಯಿಗಿಡುತ್ತಾಳೆ.

ಇದನ್ನು ಕಂಡ ಪರಿಚಯದವರೊಬ್ಬರು "ಇವರಿಗೆ ತಿಳಿವಳಿಕೆಯೇ ಇಲ್ಲ" ಎಂದರು. ನನಗೆ ಸಿಟ್ಟು ಬಂತು. ಹಿಂದಿನ ದಿನವಷ್ಟೇ ಆ ತಾಯಿಯೊಂದಿಗೆ ಮಾತನಾಡಿದ್ದೆ. ಬೇಳೆಕಟ್ಟು, ಮೊಟ್ಟೆ, ಕಿವುಚಿದ ಮೆತ್ತನೆಯ ಅನ್ನ ಎಂದು ಊರಿನ ಅಂಗನವಾಡಿಯಲ್ಲಿ ಹೇಳಿಕೊಟ್ಟದ್ದೆಲ್ಲ ಅವಳಿಗೆ ನೆನಪಿದೆ. "ಉಣಿಸಬೇಕೆಂದರೆ ನಾನು ಹತ್ತಿರ ಇರಬೇಕಲ್ಲ ಅಕ್ಕಾ? ಅರ್ಧ ದಿನ ಕೂತರೆ ಅರ್ಧ ಪಗಾರ ಹೋಗುತ್ತದೆ" ಎಂದಳು. ಸಂಜೆ ಸಿಮೆಂಟಿನ ಕೈ ತೊಳೆದು ಒಲೆ ಹೊತ್ತಿಸುವಷ್ಟರಲ್ಲಿ ಕೂಸು ನಿದ್ದೆ ಹೋಗಿರುತ್ತದೆ.

ವರ್ಷದ ಕೂಸಿನ ಹೊಟ್ಟೆ ಬಹಳ ಚಿಕ್ಕದು. ದಿನಕ್ಕೆ ಮೂರು ನಾಲ್ಕು ಸಲ, ರಮಿಸುತ್ತ, ತುತ್ತು ತುತ್ತಾಗಿ ಉಣಿಸಬೇಕು. ಅದಕ್ಕೆ ದುಡ್ಡಿನಷ್ಟೇ ಬಿಡುವೂ ಬೇಕು. ಇನ್ನು ಡ್ರಮ್ಮಿನಲ್ಲಿ ತುಂಬಿಟ್ಟ ನೀರು, ಬಯಲಿನ ಕೊಳಕು. ಭೇದಿ ಮೇಲಿಂದ ಮೇಲೆ ಬಂದರೆ ತಿಂದದ್ದೂ ಮೈಗೆ ಹತ್ತುವುದಿಲ್ಲ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಕ್ಕಳಿಗೆ ವಯಸ್ಸಿಗೆ ತಕ್ಕ ಎತ್ತರವಿಲ್ಲ. ದೇಶದ ಲೆಕ್ಕ ನೋಡಿದರೆ ತೀರಾ ಬಡ ಮನೆಗಳಲ್ಲಿ ಈ ಪ್ರಮಾಣ ಶೇ. 46, ಅತಿ ಸ್ಥಿತಿವಂತರ ಮನೆಗಳಲ್ಲಿ ಶೇ. 23. ಅಪ್ಪ ಅಮ್ಮ ಕುಳ್ಳಗಿದ್ದಾರೆ, ಮಕ್ಕಳೂ ಹಾಗೇ ಎನ್ನುವವರು ಈ ಎರಡು ಅಂಕಿಗಳನ್ನು ದಯವಿಟ್ಟು ಅಕ್ಕಪಕ್ಕ ಇಟ್ಟು ನೋಡಲಿ.

ಅಂಗನವಾಡಿಯಲ್ಲಿ ಕೂತು ಬಿಸಿಯೂಟ ಉಣ್ಣುವುದು ಮೂರು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವರ ಪಾಲು ಪೊಟ್ಟಣವಾಗಿ ಮನೆಗೆ ಹೋಗುತ್ತದೆ, ಮನೆಮಂದಿಯ ಪಾತ್ರೆಯಲ್ಲಿ ಬೆರೆಯುತ್ತದೆ. ಆದರೆ ಬೆಳವಣಿಗೆ ಕುಂಠಿತವಾಗುವುದು ಮುಖ್ಯವಾಗಿ ಮೊದಲ ಎರಡು ವರ್ಷಗಳಲ್ಲೇ. ಆಗ ಕಳೆದುಕೊಂಡದ್ದನ್ನು ಆಮೇಲೆ ತುಂಬಿಕೊಳ್ಳುವುದು ಬಲು ಕಷ್ಟ.

ನರೇಗಾ ಕೆಲಸಕ್ಕೆ ಹೋಗುವ ತಾಯಂದಿರಿಗಾಗಿ ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಹಗಲು ಹೊತ್ತು ಕೂಸುಗಳನ್ನು ನೋಡಿಕೊಳ್ಳುವ 'ಕೂಸಿನ ಮನೆ' ತೆರೆದದ್ದು ನನಗೆ ನಿಜಕ್ಕೂ ಸಂತೋಷ ತಂದ ಕೆಲಸ. ಗುಳೆ ಬಂದವರಿಗೆ ಅದು ಊರಲ್ಲೇ ಉಳಿದುಹೋಯಿತು. ಕಟ್ಟಡ ಕಾರ್ಮಿಕರಿಗೆಂದು 1996ರಲ್ಲಿ ಬಂದ ಕಾನೂನು, ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಡೆ ಮಕ್ಕಳಿಗೊಂದು ಕೋಣೆ ಇರಬೇಕೆಂದಿತು. ನಮ್ಮ ಬೀದಿಯ ಕಟ್ಟಡದಲ್ಲಿ ಇಟ್ಟಿಗೆ ಹೊರುವ ಹೆಂಗಸರು ಇಬ್ಬರು.

ನಗರದ ಪ್ರತಿ ವಾರ್ಡಿನಲ್ಲೂ ಕೂಸಿನ ಮನೆ ಬೇಕು. ಯಾವ ಊರು, ಯಾವ ಕಾರ್ಡು ಎಂದು ಕೇಳದೆ ಸೇರಿಸಿಕೊಳ್ಳಬೇಕು, ಕೂಲಿ ಬಿಡುವ ಹೊತ್ತಿನವರೆಗೆ ತೆರೆದಿರಬೇಕು. ಆಗ ಆ ಏಳು ವರ್ಷದ ಹುಡುಗಿಯೂ ಶಾಲೆಗೆ ಹೋಗಬಹುದು.