ಸತ್ಯಾಂಶ: ಮಾರಿಷಸ್‌ನಲ್ಲಿ ‘ಜನಸಂಖ್ಯಾ ಸ್ಫೋಟ’ ನಡೆಯುತ್ತಿದೆಯೇ?

‘ಆಫ್ರಿಕಾದ ಎಲ್ಲ ದೇಶಗಳಲ್ಲೂ ಜನಸಂಖ್ಯೆ ಸ್ಫೋಟಿಸುತ್ತಿದೆ, ಪುಟ್ಟ ದ್ವೀಪವಾದ ಮಾರಿಷಸ್ ಕೂಡ ಇದಕ್ಕೆ ಹೊರತಲ್ಲ’ ಎಂಬ ಸಂದೇಶ ಸತ್ಯಕ್ಕೆ ದೂರವಾದುದು. 2011ರ ಜನಗಣತಿಯಲ್ಲಿ ಅಲ್ಲಿ ಸುಮಾರು 12.37 ಲಕ್ಷ ಜನರಿದ್ದರು. 2022ರ ಗಣತಿಯಲ್ಲಿ ಆ ಸಂಖ್ಯೆ ಏರುವ ಬದಲು ತುಸು ಇಳಿದಿತ್ತು.

ಈ ಭಯಕ್ಕೆ ಒಂದು ಕಾಲದಲ್ಲಿ ಆಧಾರವಿತ್ತು ಎಂಬುದನ್ನು ಒಪ್ಪಬೇಕು. ಮಲೇರಿಯಾ ಹತೋಟಿಗೆ ಬಂದು ಸಾವುಗಳು ತಗ್ಗಿದ್ದ, ಮಹಿಳೆಯೊಬ್ಬರಿಗೆ ಸರಾಸರಿ ಆರು ಮಕ್ಕಳಾಗುತ್ತಿದ್ದ 1960ರ ದಶಕದ ಆರಂಭದಲ್ಲಿ ಅರ್ಥಶಾಸ್ತ್ರಜ್ಞ ಜೇಮ್ಸ್ ಮೀಡ್ ಎಚ್ಚರಿಕೆ ನೀಡಿದ್ದರು. ಆದರೆ ಕುಟುಂಬ ಯೋಜನೆಯ ಸೇವೆ, ಹೆಣ್ಣುಮಕ್ಕಳ ಶಿಕ್ಷಣ ಮತ್ತು 1970ರ ನಂತರ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಅವರಿಗೆ ದೊರೆತ ಉದ್ಯೋಗ ಆ ಸ್ಥಿತಿಯನ್ನೇ ಬದಲಿಸಿದವು. ಈಗ ಆ ಸರಾಸರಿ ಎರಡಕ್ಕಿಂತಲೂ ಕಡಿಮೆ. ಇಂದು ಅಲ್ಲಿನ ನಿಜವಾದ ಚಿಂತೆ ಹೆಚ್ಚುತ್ತಿರುವ ವೃದ್ಧರದು: 2025ರಲ್ಲಿ ಸರ್ಕಾರವು ವೃದ್ಧಾಪ್ಯ ಪಿಂಚಣಿಯ ವಯಸ್ಸನ್ನು 60ರಿಂದ 65ಕ್ಕೆ ಹಂತಹಂತವಾಗಿ ಏರಿಸುವ ನಿರ್ಧಾರವನ್ನು ಪ್ರಕಟಿಸಿತು.